ಕೈಗೆ ಬಂದ ಸೂತ್ರ: ಕಡಲ ಮೇಲಿನ ಗಾಳಿಪಟದ ಕಥೆ

ಗಾಳಿಪಟವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಊರಿನ ಆಷಾಢದ ಗಾಳಿ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದ ಮೇಲೆ ಪಟದ ಪಂಚಾಂಗವೂ ಬದಲಾಯಿತು. ಮುಂಬಯಿಯಲ್ಲಿಯೂ ಹೈದರಾಬಾದಿನಲ್ಲಿಯೂ ಪಟಗಳು ಏರುವುದು ಸಂಕ್ರಾಂತಿಗೆ. ದೆಹಲಿಯಲ್ಲಿ ಆಗಸ್ಟ್ 15ಕ್ಕೆ. ತಿಂಗಳು ಯಾವುದಾದರೇನು, ಪಟ ಹಾರಿಸುವ ಹುಡುಗನ ಮೊದಲ ಚಿಂತೆ ಎಲ್ಲೆಡೆಯೂ ಒಂದೇ. ಅದು ಕಾಗದದ ಬಣ್ಣದ ಚಿಂತೆಯಲ್ಲ, ಬಾಲಂಗೋಸಿಯ ಉದ್ದದ ಚಿಂತೆಯೂ ಅಲ್ಲ, ಸೂತ್ರದ ಚಿಂತೆ.

ಪಟದ ಎದೆಯಲ್ಲಿ ಎರಡು ತೂತು ಮಾಡಿ, ಕಡ್ಡಿಗಳು ಕೂಡುವಲ್ಲಿ ಮೇಲಿನ ಕಾಲನ್ನೂ ನೆಟ್ಟಗಿನ ಕಡ್ಡಿಯ ಕೆಳಭಾಗದಲ್ಲಿ ಕೆಳಗಿನ ಕಾಲನ್ನೂ ಕಟ್ಟಿ, ಎರಡನ್ನೂ ಒಂದು ಗಂಟಿನಲ್ಲಿ ಕೂಡಿಸುವುದೇ ಸೂತ್ರ. ಆ ಗಂಟಿನಿಂದಾಚೆಗೆ ಹಾರಿಸುವ ದಾರ. ನಾವು ಹುಡುಗರಾಗಿದ್ದಾಗ ಈ ಗಂಟನ್ನು ಹಾಕುವ ಅಧಿಕಾರ ಗುಂಪಿನ ಹಿರಿಯನೊಬ್ಬನಿಗೆ ಮಾತ್ರ ಇರುತ್ತಿತ್ತು. ಅವನು ಗೇಣಿನಿಂದ ಅಳೆದು, ಹಲ್ಲಿನಿಂದ ಬಿಗಿದು, ಪಟವನ್ನು ತೂಗಿ ನೋಡಿ, ಒಪ್ಪಿಗೆಯಾದರೆ ತಲೆಯಾಡಿಸುತ್ತಿದ್ದನು. ಗಂಟು ಅರ್ಧ ಬೆರಳು ಕೆಳಗೆ ಬಂದರೆ ಪಟ ಗಾಳಿಗೆ ಎದೆಯೊಡ್ಡಿ ನಿಂತು, ದಾರವನ್ನು ಹರಿಯುವಂತೆ ಎಳೆಯುತ್ತಿತ್ತೇ ಹೊರತು ಮೇಲೇರುತ್ತಿರಲಿಲ್ಲ. ಅರ್ಧ ಬೆರಳು ಮೇಲೆ ಹೋದರೆ ತಲೆಬಾಗಿಸಿ ಸರಸರನೆ ಏರಿ, ನೆತ್ತಿಯ ಮೇಲೆ ಬಂದು, ದಾರ ಸಡಿಲವಾಗಿ ಜೋತುಬೀಳುತ್ತಿತ್ತು. ಇದೇಕೆ ಹೀಗೆಂದು ಅವನು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಈಗ ಆ ಪ್ರಶ್ನೆಯನ್ನೆತ್ತಲು ಕಾರಣವಿದೆ. ಪಟವೊಂದು ಮನುಷ್ಯನನ್ನೇ ಕಡಲಿನ ಮೇಲೆ ಎಳೆದುಕೊಂಡು ಹೋಗುವ ಕೈಟ್ ಬೋರ್ಡಿಂಗ್ ಎಂಬ ಆಟ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಹಾಯಿಯ ಸ್ಪರ್ಧೆಗಳು ನಡೆದ ಮಾರ್ಸೇಲ್ ಬಂದರಿನಲ್ಲಿ ಪುರುಷರ ಚಿನ್ನ ಆಸ್ಟ್ರಿಯದ ವ್ಯಾಲೆಂಟಿನ್ ಬೋಂಟುಸ್‌ಗೂ ಮಹಿಳೆಯರ ಚಿನ್ನ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್‌ಗೂ ದೊರೆತವು. ಆಸ್ಟ್ರಿಯಕ್ಕೆ ಕಡಲ ತೀರವೇ ಇಲ್ಲವೆಂಬುದು ವಾಚಕರಿಗೆ ಗೊತ್ತೇ ಇದೆ! ಪುರುಷರ ಕಂಚನ್ನು ಗೆದ್ದವನು ಸಿಂಗಾಪುರದ ಮ್ಯಾಕ್ಸ್ ಮೇಡರ್. ಆಗ ಅವನ ವಯಸ್ಸು 17. ಕಾಲಡಿಯಲ್ಲಿ ಒಂದು ಹಲಗೆ, ಸೊಂಟಕ್ಕೆ ಒಂದು ಪಟ್ಟಿ, ಪಟ್ಟಿಯ ಕೊಕ್ಕೆಯಿಂದ ಹೊರಟ ತೆಳುವಾದ ದಾರಗಳು, ಅವುಗಳ ಕೊನೆಯಲ್ಲಿ ಆಕಾಶದಲ್ಲೊಂದು ಪಟ: ಇಷ್ಟೇ ಸಾಮಗ್ರಿಯಿಂದ ಇವರು ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೀರಿನ ಮೇಲೆ ಸಾಗುತ್ತಾರೆ.

ನೋಡುವವರ ಕಣ್ಣು ಸಹಜವಾಗಿಯೇ ಬಣ್ಣಬಣ್ಣದ ಬಟ್ಟೆಯ ಮೇಲೆ ನೆಡುತ್ತದೆ. ಮಾರುವವರ ಜಾಹೀರಾತುಗಳೂ ಬಟ್ಟೆಯನ್ನೇ ಹೊಗಳುತ್ತವೆ. ಆದರೆ ಈ ಆಟದ ಗುಟ್ಟೆಲ್ಲ ದಾರಗಳಲ್ಲಿದೆ. ನಮ್ಮ ಗುಂಪಿನ ಹಿರಿಯನು ನೆಲದ ಮೇಲೆ ಕುಳಿತು ಒಮ್ಮೆ ಹಾಕಿದ ಗಂಟು ಪಟ ಇಳಿಯುವವರೆಗೆ ಬದಲಾಗುತ್ತಿರಲಿಲ್ಲ. ಈ ಕಡಲ ಸವಾರರು ಅದೇ ಸೂತ್ರದ ಕಾಲುಗಳನ್ನು ಇಪ್ಪತ್ತು ಮೀಟರು ಉದ್ದಕ್ಕೆ ಬೆಳೆಸಿ, ಗಂಟನ್ನು ತಮ್ಮ ಕೈಯೊಳಗೇ ತಂದುಕೊಂಡಿದ್ದಾರೆ. ಪಟ ಹಾರುತ್ತಿರುವಾಗಲೇ ಗಂಟನ್ನು ಮೇಲೆ ಕೆಳಗೆ ಸರಿಸುತ್ತಾರೆ. ಉಳಿದುದೆಲ್ಲ ಇದರ ವಿವರ ಮಾತ್ರ.

ವಿವರವನ್ನು ನೋಡೋಣ. ಸಾಮಾನ್ಯವಾದ ಕಡಲ ಪಟಕ್ಕೆ ನಾಲ್ಕು ದಾರಗಳು. ಎರಡು ಪಟದ ಮುಂದಂಚಿನ ಕಡೆಗೆ ಹೋಗುತ್ತವೆ. ಇವು ನಮ್ಮ ಸೂತ್ರದ ಮೇಲಿನ ಕಾಲು. ಎಳೆತದ ಭಾರವನ್ನು ಬಹುಮಟ್ಟಿಗೆ ಹೊರುವುವು ಇವೇ. ಸವಾರನ ಸೊಂಟಪಟ್ಟಿಗೆ ಸಿಕ್ಕಿಕೊಂಡಿರುವುವೂ ಇವೇ. ಇನ್ನೆರಡು ಪಟದ ಹಿಂದಂಚಿನ ಎಡ ಬಲ ಮೂಲೆಗಳಿಗೆ ಹೋಗುತ್ತವೆ. ಇವು ಕೆಳಗಿನ ಕಾಲು. ಇವುಗಳ ಇನ್ನೊಂದು ತುದಿ ಸವಾರನ ಕೈಯಲ್ಲಿರುವ ಹಿಡಿಕೋಲಿನ ಎರಡು ಕೊನೆಗಳಿಗೆ ಕಟ್ಟಿರುತ್ತದೆ. ಕೋಲಿನ ಎಡತುದಿಯನ್ನು ಎಳೆದರೆ ಪಟ ಎಡಕ್ಕೆ ತಿರುಗುವುದು, ಬಲತುದಿಯನ್ನು ಎಳೆದರೆ ಬಲಕ್ಕೆ. ಇಡೀ ಕೋಲನ್ನು ಎದೆಯ ಕಡೆಗೆ ಸೆಳೆದುಕೊಂಡರೆ ಹಿಂದಿನ ದಾರಗಳೆರಡೂ ಒಟ್ಟಿಗೆ ಬಿಗಿಯುತ್ತವೆ, ಪಟದ ಹಿಂದಂಚು ಕೆಳಕ್ಕೆ ಬಂದು, ಪಟ ಗಾಳಿಗೆ ಹೆಚ್ಚು ಎದೆಯೊಡ್ಡುತ್ತದೆ, ಎಳೆತ ಹೆಚ್ಚುತ್ತದೆ. ಕೋಲನ್ನು ಮುಂದಕ್ಕೆ ತಳ್ಳಿದರೆ ಹಿಂದಂಚು ಸಡಿಲಾಗಿ, ಪಟ ಗಾಳಿಯನ್ನು ಸೀಳಿಕೊಂಡು ಹರಿತವಾಗಿ ನಿಲ್ಲುತ್ತದೆ, ಎಳೆತ ತಗ್ಗುತ್ತದೆ. ಇದಲ್ಲದೆ ಮುಂದಿನ ದಾರಗಳನ್ನು ಒಟ್ಟಾಗಿ ಕುಗ್ಗಿಸುವ ಒಂದು ಪಟ್ಟಿಯೂ ಉಂಟು. ದಿನದ ಗಾಳಿ ಜೋರಾಗಿದ್ದರೆ ಅದನ್ನು ಬಿಗಿದು, ಮೊದಲೇ ಮೇಲಿನ ಕಾಲನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಅರ್ಧ ಬೆರಳಿನ ಲೆಕ್ಕವೇ ಇದು, ದೊಡ್ಡದಾಗಿ ಮಾಡಿದ್ದು.

ಎಳೆತ ಎಳೆತವೆನ್ನುತ್ತೇವೆ; ಅದೆಷ್ಟು? ಗಾಳಿ ಸೆಕೆಂಡಿಗೆ 10 ಮೀಟರು, ಎಂದರೆ ಗಂಟೆಗೆ 36 ಕಿಲೋಮೀಟರು ಬೀಸುವಾಗ ಅದಕ್ಕೆ ಅಡ್ಡವಾದ ಪ್ರತಿಯೊಂದು ಚದರ ಮೀಟರಿನ ಮೇಲೆ ಸುಮಾರು 6 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. 10 ಚದರ ಮೀಟರಿನ ಪಟವಾದರೆ ಸುಮಾರು 60 ಕಿಲೋ ಎಂದಿಟ್ಟುಕೊಳ್ಳಬಹುದು. ಇದು ಪಟ ಒಂದೆಡೆ ಸುಮ್ಮನೆ ನಿಂತಾಗಿನ ಮಾತು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ. ಪಟ ತಾನೇ ಆಕಾಶದಲ್ಲಿ ಅಡ್ಡಡ್ಡವಾಗಿ ಧಾವಿಸಿದರೂ ಅದಕ್ಕೆ ತಾಗುವ ಗಾಳಿ ಹೆಚ್ಚಿದಂತೆಯೇ ಲೆಕ್ಕ. ಪಟದ ಮೈಗೆ ತಾಗುವ ವೇಗ ಇಮ್ಮಡಿಯಾದ ಆ ಗಳಿಗೆಯಲ್ಲಿ 60 ಕಿಲೋ ಹೋಗಿ 240 ಕಿಲೋ ಆಯಿತು. ಹೋಟೆಲಿನ ಉಗ್ರಾಣದಲ್ಲಿ 50 ಕಿಲೋದ ಅಕ್ಕಿ ಮೂಟೆ ಎತ್ತಿದವರಿಗೆ ಈ ಅಂಕಿಯ ಅರ್ಥ ನಾವು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿರ ಹತ್ತಿರ ಐದು ಮೂಟೆಗಳು ಒಮ್ಮೆಗೇ ಸೊಂಟವನ್ನು ಹಿಡಿದು ಎಳೆದಂತೆ. ಮನುಷ್ಯ ಇದಕ್ಕೆ ಕಟ್ಟಿಹಾಕಲ್ಪಟ್ಟಿದ್ದಾನೆ. ಸೂತ್ರ ಸಡಿಲಾಗದಿದ್ದರೆ ಅವನ ಗತಿಯೇನು?

ಪಟದಿಂದ ಎಳೆಸಿಕೊಳ್ಳುವ ಹುಚ್ಚು ಹೊಸದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾಮಾಸ್ತರ ಜಾರ್ಜ್ ಪೋಕಾಕ್ ಎಂಬಾತನು 1826ರಲ್ಲಿ ಪಟದಿಂದ ಓಡುವ ಗಾಡಿಯೊಂದಕ್ಕೆ ಪೇಟೆಂಟು ಪಡೆದನು. ಒಂದರ ಹಿಂದೊಂದು ಎರಡು ದೊಡ್ಡ ಪಟಗಳನ್ನು ಕಟ್ಟಿ ನಾಲ್ಕು ದಾರಗಳಿಂದ ಅವನ್ನು ನಡೆಸುತ್ತಿದ್ದನು. ನಾಲ್ಕು ದಾರಗಳ ಯುಕ್ತಿಗೆ ಇನ್ನೂರು ವರ್ಷಗಳಾದವು ಎಂದಾಯಿತು! ಆ ಕಾಲದ ರಸ್ತೆಗಳಲ್ಲಿ ಸುಂಕವನ್ನು ಎಳೆಯುವ ಕುದುರೆಗಳ ಎಣಿಕೆಯ ಮೇಲೆ ವಸೂಲು ಮಾಡುತ್ತಿದ್ದುದರಿಂದ ಕುದುರೆಯಿಲ್ಲದ ಈ ಗಾಡಿಯಿಂದ ಸುಂಕದ ಕಟ್ಟೆಯವರಿಗೆ ಕಾಸೂ ಹುಟ್ಟುತ್ತಿರಲಿಲ್ಲವಂತೆ. 1824ರಲ್ಲಿ ಈತನು ತನ್ನ ಮಗಳು ಮಾರ್ಥಾಳನ್ನು ಕುರ್ಚಿಯ ಮೇಲೆ ಕೂರಿಸಿ ಪಟದಿಂದ 270 ಅಡಿ ಮೇಲಕ್ಕೆತ್ತಿದ್ದನು. ಹುಡುಗಿ ಕ್ಷೇಮವಾಗಿ ಇಳಿದಳು. ಮುಂದೆ ಮದುವೆಯಾಗಿ, ಕ್ರಿಕೆಟಿನ ಪಿತಾಮಹನೆನಿಸಿದ ಡಬ್ಲ್ಯೂ. ಜಿ. ಗ್ರೇಸ್‌ನ ತಾಯಿಯಾದಳು. ಅಂದು ಆ ದಾರ ಹರಿದಿದ್ದರೆ ಕ್ರಿಕೆಟಿನ ಚರಿತ್ರೆ ಏನಾಗುತ್ತಿತ್ತೋ! 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬವನು ಪಟ ಕಟ್ಟಿದ ದೋಣಿಯಲ್ಲಿ ಫ್ರಾನ್ಸಿನ ಕಡೆಯಿಂದ ಇಂಗ್ಲಿಷ್ ಕಾಲುವೆಯನ್ನು ದಾಟಿದನು.

ಇವೆಲ್ಲ ಒಬ್ಬೊಬ್ಬರ ಸಾಹಸಗಳಾಗಿ ನಿಂತವು. ಕಡಲಿನಲ್ಲಿ ಪಟಕ್ಕೊಂದು ದೊಡ್ಡ ಕೊರತೆಯಿತ್ತು. ನೆಲದ ಮೇಲೆ ಬಿದ್ದ ಪಟವನ್ನು ಓಡಿಹೋಗಿ ಎತ್ತಬಹುದು. ನೀರಿಗೆ ಬಿದ್ದ ಪಟ ನೆಂದು ಮುದ್ದೆಯಾಗುತ್ತದೆ, ಸವಾರನೋ ಇಪ್ಪತ್ತು ಮೀಟರು ದೂರದಲ್ಲಿ ಈಜುತ್ತಿರುತ್ತಾನೆ. ಫ್ರಾನ್ಸಿನ ಬ್ರಿಟನಿ ತೀರದ ಸೋದರರಾದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಇದಕ್ಕೆ ಪರಿಹಾರ ಕಂಡರು. ಪಟದ ಮುಂದಂಚಿಗೆ ಒಂದು ದಪ್ಪ ಕೊಳವೆ, ಅದರಿಂದ ಪಕ್ಕೆಲುಬುಗಳಂತೆ ಹೊರಟ ಸಣ್ಣ ಕೊಳವೆಗಳು. ಎಲ್ಲಕ್ಕೂ ಪಂಪಿನಿಂದ ಗಾಳಿ. ಕಡ್ಡಿಗಳ ಕೆಲಸವನ್ನು ಗಾಳಿಯೇ ಮಾಡುವುದು. ನೀರಿಗೆ ಬಿದ್ದರೆ ತೇಲುವುದು. ದಾರವನ್ನು ಜಾಣತನದಿಂದ ಎಳೆದರೆ ಬಿದ್ದಲ್ಲಿಂದಲೇ ಮತ್ತೆ ಏಳುವುದು. 1984ರ ನವೆಂಬರಿನಲ್ಲಿ ಅವರು ಇದಕ್ಕೆ ಪೇಟೆಂಟು ಸಲ್ಲಿಸಿದರು. ಕೊಳ್ಳುವವರು ಮಾತ್ರ ಬರಲಿಲ್ಲ. ತಮ್ಮ ಪಟವನ್ನು ವಿಪಿಕಾ ಎಂಬ ಹೆಸರಿನಲ್ಲಿ ಅವರು ಅಂಗಡಿಗೆ ತಂದದ್ದು 1997ರಲ್ಲಿ. ನಡುವೆ ಕಳೆದುವು ಹದಿಮೂರು ವರ್ಷಗಳು. ಇತ್ತ ಅಮೆರಿಕದಲ್ಲಿ ಬೋಯಿಂಗ್ ಕಂಪೆನಿಯ ವಿಮಾನತಜ್ಞನಾಗಿದ್ದ ಬಿಲ್ ರೋಸ್ಲರ್ ಮತ್ತು ಅವನ ಮಗ ಕೋರಿ ಬೇರೊಂದು ದಾರಿ ಹಿಡಿದು, ನೀರಿನಲ್ಲಿ ಜಾರುವ ಹಲಗೆಯೊಡನೆ ಪಟವನ್ನು ಜೋಡಿಸಿದ್ದರು. ಹವಾಯಿಯ ಮಾವಿ ದ್ವೀಪದಲ್ಲಿ ಅಲೆಗಳ ಮೇಲೆ ಆಡುವವರ ಕೈಗೆ ಪಟ ಸೇರಿದ ಮೇಲೆ ಆಟ ಜಗತ್ತಿಗೆಲ್ಲ ಹಬ್ಬಿತು.

ತೇಲುವ ಪಟ ಬಂದಿತು. ಸೂತ್ರ ಇನ್ನೂ ಬಂದಿರಲಿಲ್ಲ. ಮೊದಲು ಬಂದ ಆ ಪಟಗಳಿಗೆ ಎರಡೇ ದಾರ, ಎಡಕ್ಕೊಂದು ಬಲಕ್ಕೊಂದು. ತಿರುಗಿಸಬಹುದಿತ್ತು, ಎಳೆತವನ್ನು ತಗ್ಗಿಸುವಂತಿರಲಿಲ್ಲ. ಗಂಟು ನಮ್ಮೂರಿನ ಪಟದಲ್ಲಿದ್ದಂತೆಯೇ ಪಟದ ಮೈಯಲ್ಲಿ ಖಾಯಮ್ಮಾಗಿ ಕುಳಿತಿತ್ತು. ಗಾಳಿ ಒಮ್ಮೆಲೇ ರಭಸವಾಗಿ ಎದ್ದರೆ ಸವಾರನಿಗೆ ಉಳಿದ ದಾರಿಗಳು ಎರಡು: ತಡೆದು ನಿಲ್ಲುವುದು, ಇಲ್ಲವೆ ಕೋಲನ್ನು ಕೈಬಿಟ್ಟು ಪಟವನ್ನು ಗಾಳಿಗೆ ಒಪ್ಪಿಸುವುದು. ದುಬಾರಿ ಪಟವನ್ನು ಕೈಬಿಡಲು ಮನಸ್ಸು ಬರಬೇಕು. ಬರುವುದರೊಳಗೆ ಕಾಲು ನೆಲ ಬಿಟ್ಟಿರುತ್ತಿತ್ತು. ತೀರದಲ್ಲಿ ನಿಂತವರು ಎತ್ತಲ್ಪಟ್ಟು, ಗೋಡೆಗೋ ಬಂಡೆಗೋ ಮರಕ್ಕೋ ಅಪ್ಪಳಿಸಿ ಪ್ರಾಣ ಕಳೆದುಕೊಂಡದ್ದುಂಟು. ನೀರಿನಲ್ಲಿ ಬಿದ್ದವರಿಗಿಂತ ದಡದಲ್ಲಿದ್ದವರಿಗೇ ಅಪಾಯ ಹೆಚ್ಚು ಎಂಬ ಪಾಠ ಆಗ ಕಲಿತದ್ದು; ಇಂದಿಗೂ ಬದಲಾಗಿಲ್ಲ.

ನಾಲ್ಕು ದಾರಗಳು ಬಂದ ಮೇಲೆ ಸ್ಥಿತಿ ಸುಧಾರಿಸಿತು, ಆದರೆ ಅರ್ಧದಷ್ಟೇ. ಏಕೆಂದರೆ ಆಗಿನ ಪಟಗಳ ಆಕಾರ ಇಂಗ್ಲಿಷಿನ ಸಿ ಅಕ್ಷರದಂತೆ ಬಹಳ ಬಾಗಿದ್ದು, ಮುಂದಿನ ದಾರಗಳು ನೇರವಾಗಿ ಎರಡು ಕೊನೆಯ ಮೂಲೆಗಳಿಗೇ ಕಟ್ಟಿರುತ್ತಿದ್ದವು. ಮುಂದಂಚಿನ ನಡುಭಾಗವನ್ನು ಹಿಡಿದುಕೊಳ್ಳುವವರೇ ಇಲ್ಲ. ಕೋಲನ್ನು ಪೂರ್ತಿ ತಳ್ಳಿದರೆ ಎಳೆತ ಒಂದಿಷ್ಟು ಇಳಿಯುತ್ತಿತ್ತು, ಪೂರ್ತಿ ಇಳಿಯುತ್ತಿರಲಿಲ್ಲ. ಈ ಪಟಗಳಿಗೆ ಒಂದು ಗುಣವಿತ್ತು, ಈಗಲೂ ಉಂಟು: ದಾರ ನೇರವಾಗಿ ಮೂಲೆಗೇ ಹೋಗುವುದರಿಂದ ಪಟ ಏನು ಮಾಡುತ್ತಿದೆಯೆಂಬುದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹಳಬರು ಕೆಲವರು ಅದನ್ನೇ ಮೆಚ್ಚಿ ಇಂದಿಗೂ ಬಿಡಲೊಲ್ಲರು. ಕೆಲವು ಪಟಗಳಿಗೆ ಐದನೆಯ ದಾರವೊಂದನ್ನು ಮುಂದಂಚಿನ ನಡುವಿಗೆ ಕಟ್ಟಿದರು. ಅದು ನಡುಭಾಗಕ್ಕೆ ಆಸರೆ. ಆಪತ್ತಿನಲ್ಲಿ ಉಳಿದ ನಾಲ್ಕನ್ನು ಸಡಿಲಬಿಟ್ಟು ಪಟವನ್ನು ಈ ಒಂದರ ಮೇಲೆಯೇ ಬಾವುಟದಂತೆ ಪಟಪಟಿಸಲು ಬಿಡಬಹುದು. ಆದರೆ ದಾರ ಒಂದು ಹೆಚ್ಚಿದರೆ ಸಿಕ್ಕು ಎರಡು ಹೆಚ್ಚುತ್ತದೆ. ಪಟ ಉರುಳಿದಾಗ ಈ ಐದನೆಯದೇ ಪಟದ ಮೈಗೆ ಸುತ್ತಿಕೊಂಡು ಹೊಸ ಉಪದ್ರವವಾಗುವುದುಂಟು.

ನಿಜವಾದ ತಿರುವು 2005ರಲ್ಲಿ ಮಾರುಕಟ್ಟೆಗೆ ಬಂದ ಬಿಲ್ಲಿನಾಕಾರದ ಪಟ. ಇದರ ಹಿಂದೆಯೂ ಬ್ರೂನೋ ಲೆಗೆನ್ಯೂವೇ ಇದ್ದನು. ಪಟದ ಬಾಗನ್ನು ತಗ್ಗಿಸಿ ಚಪ್ಪಟೆ ಮಾಡಿದನು. ಹಿಂದಂಚನ್ನು ಒಳಕ್ಕೆ ಬಾಗಿಸಿದನು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ದಾರಗಳನ್ನು ಮೂಲೆಗೆ ಕಟ್ಟುವುದನ್ನು ಬಿಟ್ಟು, ಕವಲೊಡೆದ ಸಣ್ಣ ದಾರಗಳ ಒಂದು ಜಾಲದ ಮೂಲಕ ಮುಂದಂಚಿನ ಹಲವು ಕಡೆಗಳಿಗೆ ಹಂಚಿದನು. ಅಂದರೆ ಪಟಕ್ಕೆ ನಿಜವಾದ ಸೂತ್ರ ಕಟ್ಟಿದನು. ಮುಂದಂಚನ್ನು ಎಲ್ಲ ಕಡೆಯಿಂದಲೂ ಹಿಡಿದುಕೊಂಡದ್ದರಿಂದ ಚಪ್ಪಟೆಯಾದ ಪಟವೂ ಗಾಳಿಯಲ್ಲಿ ಮುದುರಲಿಲ್ಲ. ಕೋಲನ್ನು ತಳ್ಳಿದರೆ ಎಳೆತ ಹತ್ತಿರ ಹತ್ತಿರ ಇಲ್ಲವೆಂಬಷ್ಟಕ್ಕೆ ಇಳಿಯಿತು. ಕೈ ಬಿಟ್ಟರೆ ಪಟ ತಾನಾಗಿ ಸೌಮ್ಯವಾಗುವುದು. ಎರಡು ದಾರಗಳ ಕಾಲದಲ್ಲಿ ಅದೇ ಕೈ ಬಿಡುವುದೆಂದರೆ ಪಟವನ್ನೇ ಕಳೆದುಕೊಳ್ಳುವುದಾಗಿತ್ತು. 1984ರ ಪೇಟೆಂಟನ್ನು ಎಲ್ಲರೂ ಕೊಂಡಾಡುತ್ತಾರೆ; ನಮ್ಮ ಮಟ್ಟಿಗೆ ಅದೇ ಮನುಷ್ಯನ ಎರಡನೆಯ ಕೆಲಸ ಮೊದಲನೆಯದಕ್ಕಿಂತ ದೊಡ್ಡದು. ಮೊದಲನೆಯದು ಆಟವನ್ನು ಹುಟ್ಟಿಸಿತು. ಎರಡನೆಯದು ಸಾಮಾನ್ಯರು ಆಡಿ ಮನೆಗೆ ಮರಳುವಂತೆ ಮಾಡಿತು. ಬಳಿಕ ಬಂದ ಪಟಗಳಲ್ಲಿ ಹೆಚ್ಚಿನವು ಬಿಲ್ಲಿಗೂ ಸಿ ಅಕ್ಷರಕ್ಕೂ ನಡುವಣ ಮಿಶ್ರತಳಿಗಳು. ಒಲಿಂಪಿಕ್ಸಿನಲ್ಲಿ ಓಡಿದ ಪಟಗಳು ಇನ್ನೊಂದು ಜಾತಿಯವು. ಅವುಗಳಿಗೆ ಕೊಳವೆಗಳೇ ಇಲ್ಲ. ಎರಡು ಪದರದ ಬಟ್ಟೆಯ ನಡುವಿನ ಕೋಣೆಗಳಿಗೆ ಎದುರುಗಾಳಿಯೇ ನುಗ್ಗಿ ರೆಕ್ಕೆಯಾಗಿ ಉಬ್ಬಿಸುತ್ತದೆ. ಅವುಗಳ ಸೂತ್ರವೋ ಬೇರಿನಂತೆ ಕವಲೊಡೆದದ್ದು, ನೋಡಿದರೆ ತಲೆ ತಿರುಗುವಂಥದು.

ಇನ್ನು ದಾರದ ಉದ್ದದ ಮಾತು. ಸಾಮಾನ್ಯವಾಗಿ 20ರಿಂದ 24 ಮೀಟರು. ಪಟ ಹಾರುವುದು ಸವಾರನನ್ನು ನಡುವಿಟ್ಟುಕೊಂಡ ಒಂದು ಗೋಳದ ಕಾಲುಭಾಗದ ಮೇಲೆ. ದಾರ ಇಮ್ಮಡಿ ಉದ್ದವಾದರೆ ಈ ತುದಿಯಿಂದ ಆ ತುದಿಗೆ ಪಟ ಧಾವಿಸುವ ದಾರಿಯೂ ಇಮ್ಮಡಿ. ಹೆಚ್ಚು ದೂರ ಧಾವಿಸಿದಷ್ಟೂ ಹೆಚ್ಚು ಕಾಲ ಎಳೆಯುತ್ತದೆ. ಆದ್ದರಿಂದ ಗಾಳಿ ಮಂದವಾದ ದಿನ ಉದ್ದದ ದಾರ ಉಪಕಾರಿ. ಗಿಡ್ಡ ದಾರದಲ್ಲಿ ಪಟ ಚುರುಕು. ಕೈಯ ಆಜ್ಞೆ ಬೇಗ ಮುಟ್ಟುತ್ತದೆ. ಗಿರಕಿ ಹೊಡೆದರೂ ಎಳೆತ ಗಳಿಗೆಯಲ್ಲಿ ಮುಗಿದುಹೋಗುತ್ತದೆ. ಕಲಿಯುವವರಿಗೆ ಮೊದಲು ಗಿಡ್ಡ ದಾರ ಕೊಡುವುದು ಇದಕ್ಕಾಗಿ. ಪಂದ್ಯದವರೂ ಗಿಡ್ಡ ದಾರವನ್ನೇ ಬಯಸುತ್ತಾರೆ, ಬೇರೊಂದು ಕಾರಣದಿಂದ. ದಾರಕ್ಕೂ ಗಾಳಿಯ ತಡೆಯುಂಟಲ್ಲವೆ? 2 ಮಿಲಿಮೀಟರು ದಪ್ಪದ ದಾರ ಕಣ್ಣಿಗೆ ಕಾಣುವುದೇ ಕಷ್ಟ; ಆದರೆ 24 ಮೀಟರಿನ ನಾಲ್ಕು ದಾರಗಳನ್ನು ಪಕ್ಕಪಕ್ಕದಲ್ಲಿ ಹಾಸಿದರೆ ಸುಮಾರು ಒಂದು ಚದರ ಮೀಟರಿನ ಐದರಲ್ಲೊಂದು ಭಾಗ, ದೊಡ್ಡ ಅಳತೆಯ ದಿನಪತ್ರಿಕೆಯ ಒಂದು ಪುಟದಷ್ಟಾಗುತ್ತದೆ. ಓಟದ ಪಂದ್ಯದಲ್ಲಿ ಒಂದು ಪುಟವನ್ನು ಗಾಳಿಗೆ ಬಿಚ್ಚಿ ಹಿಡಿದು ಓಡಲು ಯಾರು ಒಪ್ಪುತ್ತಾರೆ?

ಮುಂದಿನ ದಾರಗಳೆರಡು ಎಲ್ಲಿ ಒಂದಾಗಬೇಕೆಂಬುದೂ ಚರ್ಚೆಯ ವಿಷಯ. ಕೆಲವರು ಕೋಲಿನ ಹತ್ತಿರವೇ ಕೂಡಿಸುತ್ತಾರೆ, ಕೆಲವರು ಹಲವು ಮೀಟರು ಮೇಲೆ. ಪಟ ತಯಾರಿಸಿದವರು ಹೇಳಿದಂತೆ ಕಟ್ಟುವುದೇ ಕ್ಷೇಮ. ಇದರಲ್ಲಿ ಸ್ವಂತ ಪಾಂಡಿತ್ಯ ತೋರಿಸಲು ಹೋಗಿ ಕೆಟ್ಟವರೇ ಹೆಚ್ಚು.

ದಾರದ ವಸ್ತು ಯಾವುದೆಂದು ಕೇಳಿದರೆ ವಾಚಕರಿಗೆ ಅಚ್ಚರಿಯಾದೀತು. ಹಾಲಿನ ಪೊಟ್ಟಣದ ಪಾಲಿಥೀನ್ ಇದೆಯಲ್ಲ, ಅದೇ ಕುಲ. ನೆದರ್ಲೆಂಡ್ಸಿನ ಡಿ.ಎಸ್.ಎಂ. ಸಂಸ್ಥೆಯವರು 1970ರ ದಶಕದ ಕೊನೆಗೆ ಅದರ ಅತಿ ಉದ್ದದ ಅಣುಗಳನ್ನು ಒಂದೇ ದಿಕ್ಕಿಗೆ ನೆಟ್ಟಗೆ ಮಲಗಿಸಿ ನೂಲುವ ವಿದ್ಯೆ ಕಂಡುಹಿಡಿದರು. ಅದರ ವ್ಯಾಪಾರದ ಹೆಸರು ಡೈನೀಮಾ. ನೀರಿಗಿಂತ ಹಗುರ, ತೇಲುತ್ತದೆ; ತೂಕಕ್ಕೆ ತೂಕವಿಟ್ಟರೆ ಉಕ್ಕಿಗಿಂತ ಎಷ್ಟೋ ಪಾಲು ಬಲ. ಒಂದೊಂದು ದಾರವೂ 200 ಕಿಲೋಗೆ ಮೀರಿದ ಭಾರ ತಡೆಯುತ್ತದೆ. ಆದರೆ ನಡುವೆ ಅನಗತ್ಯವಾಗಿ ಒಂದು ಗಂಟು ಬಿದ್ದರೆ ಬಲ ಬಹಳ ಕುಗ್ಗುತ್ತದೆ. ಇನ್ನೊಂದು ದೋಷ, ಸದಾ ಭಾರ ಹೊತ್ತ ದಾರ ಬರಬರುತ್ತ ಕೊಂಚ ಉದ್ದವಾಗುತ್ತದೆ. ಭಾರ ಹೊರುವುವು ಮುಂದಿನವು. ಹಿಂದಿನವುಗಳಿಗೆ ಕೆಲಸ ಕಡಿಮೆ. ಹೀಗೆ ಒಂದೆರಡು ವರ್ಷದಲ್ಲಿ ಮುಂದಿನವು ನಾಲ್ಕಾರು ಬೆರಳು ಬೆಳೆದು, ಹಿಂದಿನವು ಗಿಡ್ಡವಾದಂತಾಗುತ್ತವೆ. ಎಂದರೆ ಕೆಳಗಿನ ಕಾಲು ಚಿಕ್ಕದಾಗಿ ಗಂಟು ಕೆಳಗಿಳಿದಂತೆ. ಪಟ ಮಂದವಾಗುವುದು, ಎದೆಯೊಡ್ಡಿ ನಿಲ್ಲುವುದು, ಕೋಲನ್ನು ಸ್ವಲ್ಪ ಸೆಳೆದರೂ ಹಿಂದಕ್ಕೆ ಜಾರಿ ಬೀಳುವುದು. ಸವಾರನು ಪಟ ಹಳತಾಯಿತೆಂದು ಹೊಸದನ್ನು ಕೊಳ್ಳಲು ಅಂಗಡಿಗೆ ಓಡುತ್ತಾನೆ. ಪಟದಲ್ಲಿ ಯಾವ ಕೊರತೆಯೂ ಇರುವುದಿಲ್ಲ! ನಾಲ್ಕೂ ದಾರಗಳ ತುದಿಗಳನ್ನು ಒಂದು ಕಂಬಕ್ಕೆ ಸಿಕ್ಕಿಸಿ, ಸಮವಾಗಿ ಎಳೆದು, ಕೋಲು ನೇರವಾಗಿ ನಿಲ್ಲುತ್ತದೆಯೇ, ನಾಲ್ಕೂ ಒಂದೇ ಬಿಗಿಯಲ್ಲಿವೆಯೇ ಎಂದು ನೋಡಿದರೆ ರೋಗ ತಿಳಿಯುತ್ತದೆ. ಪಟದ ಹಿಂದಿನ ಮೂಲೆಗಳಲ್ಲಿ ಸಾಲಾಗಿ ಎರಡು ಮೂರು ಗಂಟುಗಳ ತುಂಡುದಾರವಿರುತ್ತದೆ. ಹಿಂದಿನ ದಾರವನ್ನು ಹೊರಗಿನ ಗಂಟಿಗೆ ಬದಲಿಸಿದರೆ ಬಹುತೇಕ ರೋಗ ವಾಸಿ. ಕಾಸಿನ ಖರ್ಚಿಲ್ಲ.

ಇದಕ್ಕಿಂತ ಭಯಂಕರವಾದುದು ದಾರಗಳನ್ನು ಅದಲುಬದಲಾಗಿ ಕಟ್ಟುವುದು. ಮುಂದಿನದನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಸಿಕ್ಕಿಸಿ ಪಟವನ್ನೆತ್ತಿದರೆ ಅದು ಕೈಯ ಮಾತು ಕೇಳುವುದಿಲ್ಲ. ಕೋಲನ್ನು ತಳ್ಳಿದರೂ ಸೌಮ್ಯವಾಗುವುದಿಲ್ಲ. ಎದ್ದ ಕ್ಷಣವೇ ಪೂರ್ಣ ಬಲದಿಂದ ಮರಳಿನ ಮೇಲೆ ಎಳೆದೊಯ್ಯುತ್ತದೆ. ಆದಕಾರಣ ತಯಾರಕರು ಎಡಗಡೆಗೆ ಕೆಂಪು ಬಣ್ಣ ಕೊಡುತ್ತಾರೆ. ಮುಂದಿನವುಗಳಿಗೆ ದಾರದಲ್ಲಿ ಕುಣಿಕೆ, ಪಟದಲ್ಲಿ ಗಂಟು ಇಟ್ಟರೆ, ಹಿಂದಿನವುಗಳಿಗೆ ದಾರದಲ್ಲಿ ಗಂಟು, ಪಟದಲ್ಲಿ ಕುಣಿಕೆ ಇಡುವವರೂ ಉಂಟು. ಗಂಟಿಗೆ ಗಂಟು ಸಿಕ್ಕಿಸಲು ಯಾರಿಂದಲೂ ಆಗದಷ್ಟೆ. ಆದರೂ ಬಲ್ಲ ಸವಾರರು ಪಟ ಎತ್ತುವ ಮುನ್ನ ಕೋಲಿನಿಂದ ಪಟದವರೆಗೆ ದಾರಗಳನ್ನು ಬೆರಳುಗಳ ನಡುವೆ ಬಿಡಿಸಿಕೊಂಡು ಒಮ್ಮೆ ನಡೆದು ಬರುತ್ತಾರೆ. ಅವಸರದಲ್ಲಿ ಈ ನಡಿಗೆಯನ್ನು ಬಿಟ್ಟವರದೇ ಎಷ್ಟೋ ಅಪಘಾತಗಳು.

ಇಷ್ಟೆಲ್ಲ ಮಾಡಿದ ಮೇಲೂ ಗಾಳಿ ಗಾಳಿಯೇ. ಕೊನೆಯ ಆಸರೆಯಾಗಿ ಸೊಂಟದ ಕೊಕ್ಕೆಯ ಬಳಿ ಒಂದು ಬಿಡುಗಡೆಯ ಕೀಲು ಇರುತ್ತದೆ. ಒಂದು ಕೈಯಿಂದ ದೂಡಿದರೆ ಸಾಕು, ಸವಾರನು ಪಟದ ಎಳೆತದಿಂದ ಬಿಡಿಸಿಕೊಳ್ಳುತ್ತಾನೆ. ಈಗಿನ ಹೆಚ್ಚಿನ ಏರ್ಪಾಡುಗಳಲ್ಲಿ ಆಗಲೂ ಮುಂದಿನ ಒಂದು ದಾರ ಮಾತ್ರ ಅವನಿಗೆ ಅಂಟಿಕೊಂಡಿರುತ್ತದೆ. ಒಂದೇ ದಾರಕ್ಕೆ ಜೋತ ಪಟ ಸೂತ್ರ ತಪ್ಪಿದ ಪಟ; ಬಾವುಟದಂತೆ ಬಡಿದುಕೊಂಡು ನೀರಿಗೆ ಇಳಿಯುತ್ತದೆ. ಅಷ್ಟೂ ಸಾಲದಾದರೆ ಅದನ್ನೂ ಕಳಚಲು ಎರಡನೆಯ ಕೀಲು. ಈ ಕೀಲುಗಳು ಎಷ್ಟು ಭಾರದಲ್ಲಿಯೂ ಸುಲಭವಾಗಿ ಬಿಚ್ಚಿಕೊಳ್ಳಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2020ರಲ್ಲಿ ನಿಯಮಗಳನ್ನು ಪ್ರಕಟಿಸಿತು. ಆಟ ಅಂಗಡಿಗೆ ಬಂದು 23 ವರ್ಷಗಳಾದ ಮೇಲೆ! ತಡವಾಯಿತೆಂದು ನಾವು ಹೇಳದಿದ್ದರೆ ತಪ್ಪಾದೀತು.

ನಮ್ಮ ದೇಶದಲ್ಲಿಯೂ ಈ ಆಟ ನಡೆಯುತ್ತಿದೆ. ಗೋವೆಯ ಉತ್ತರದ ತೀರಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ರಾಮೇಶ್ವರದ ಸುತ್ತಿನ ಆಳವಿಲ್ಲದ ನೀರಿನಲ್ಲಿ. ಬೇಸಗೆಯಿಂದ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ದ್ವೀಪದ ಎರಡು ಮಗ್ಗುಲಲ್ಲಿ ಕಡಲಿರುವುದರಿಂದ ಒಂದಲ್ಲ ಒಂದು ಕಡೆ ಅನುಕೂಲ. ಚೆನ್ನೈಯಿಂದ ರಾಮನಾಥಸ್ವಾಮಿಯ ದರ್ಶನಕ್ಕೆ ಹೋದ ವಾಚಕರು ದೂರದ ನೀರಿನ ಮೇಲೆ ಬಣ್ಣದ ಬಿಲ್ಲೊಂದನ್ನು ಕಂಡರೆ ಅದು ಇದೇ. ನೋಡಲು ನಿಲ್ಲುವುದಾದರೆ ಗಾಳಿ ಬರುವ ಕಡೆಗೆ, ಸವಾರನ ಹಿಂದೆ ನಿಲ್ಲಬೇಕು. ಅವನ ಮುಂದೆ, ಪಟ ಎಳೆಯುವ ದಿಕ್ಕಿನಲ್ಲಿ ಎಂದಿಗೂ ನಿಲ್ಲಬಾರದು. ಬಿಗಿದ ಆ ದಾರ ಕತ್ತಿಯಂತೆ ಕೊಯ್ಯುತ್ತದೆ.

ಕೊಯ್ಯುವ ದಾರದ ಪರಿಚಯ ನಮ್ಮವರಿಗೆ ಬೇರೆ ರೀತಿಯಲ್ಲಿ ಆಗಲೇ ಆಗಿದೆ. ನೈಲಾನ್ ಮಾಂಜಾ ಕೊರಳಿಗೆ ಸಿಕ್ಕಿ ದ್ವಿಚಕ್ರದವರು ಸತ್ತ ಸುದ್ದಿ ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳಿಂದ ವರ್ಷವರ್ಷವೂ ಬರುತ್ತಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಅಂಥ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿದೆ. ಗಲ್ಲಿಯ ಅಂಗಡಿಗಳಲ್ಲಿ ಅದು ಇನ್ನೂ ಕದ್ದು ಮಾರಾಟವಾಗುತ್ತಿದೆ. ಹಬ್ಬದ ದಿನಗಳಲ್ಲಿ ಪಾರ್ಸೆಲ್ ಒಯ್ಯುವ ಹೋಟೆಲಿನ ಹುಡುಗರು ಕೊರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಗಾಡಿ ಓಡಿಸುವುದು ಲೇಸು.

ಸೂತ್ರದ ಮಾತು ನಿಜವೇ ಎಂದು ಪರೀಕ್ಷಿಸಲು ಕಡಲಿಗೆ ಹೋಗಬೇಕಾಗಿಲ್ಲ. ಬರುವ ಸಂಕ್ರಾಂತಿಗೆ ಹತ್ತು ರೂಪಾಯಿಯ ಕಾಗದದ ಪಟವೊಂದನ್ನು ಹತ್ತಿಯ ಬರಿದಾರದಲ್ಲಿ ಹಾರಿಸಿ. ಎಳೆತವನ್ನು ತೋರುಬೆರಳಿನಲ್ಲಿ ನೆನಪಿಟ್ಟುಕೊಳ್ಳಿ. ಇಳಿಸಿ, ಸೂತ್ರದ ಮೇಲಿನ ಕಾಲನ್ನು ಅರ್ಧ ಬೆರಳು ಕುಗ್ಗಿಸಿ ಗಂಟು ಹಾಕಿ. ಅದೇ ಗಾಳಿ, ಅದೇ ಪಟ. ಈ ಸಲ ಅದು ಬೇಗ ಏರಿ ನೆತ್ತಿಯ ಕಡೆಗೆ ಬಂದು, ಬೆರಳನ್ನು ಮೊದಲಿಗಿಂತ ಮೆಲ್ಲಗೆ ಎಳೆಯುತ್ತದೆ.